ಕೆಮ್ಮುವವರನ್ನು ಕೇಳಿದ ಸಮೀಕ್ಷೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಗೆ ಜಾಗ ಕೊಟ್ಟವರು, ಶ್ರಮದಾನ ಮಾಡಿದವರು, ಮೊದಲ ಮುಖ್ಯೋಪಾಧ್ಯಾಯರು, ಇವರ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಬರೆಯುತ್ತಾರೆ. ನಾನು ನಮ್ಮ ತುಮಕೂರು ಜಿಲ್ಲೆಯ ಇತಿಹಾಸದ ಒಂದು ಪುಟ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡೆ. ಈ ಪುಟದಲ್ಲಿ ಪಾಳೆಯಗಾರರಿಲ್ಲ, ಕೋಟೆ ಕೊತ್ತಲಗಳಿಲ್ಲ, ಶಿಲಾಶಾಸನವೂ ಇಲ್ಲ. ಇರುವುದು ಕ್ಷಯರೋಗ, ಅದರ ಬಗ್ಗೆ ನಡೆದ ಒಂದು ಸಮೀಕ್ಷೆ, ಮತ್ತು ಆ ಸಮೀಕ್ಷೆಗೆ ತಮ್ಮ ಮನೆಯ ಜಗಲಿಯ ಮೇಲೆ ಕುಳಿತು ಉತ್ತರ ಕೊಟ್ಟ ನಮ್ಮ ಜಿಲ್ಲೆಯ ಹಳ್ಳಿಯ ಜನ. ಅವರ ಉತ್ತರಗಳ ಮೇಲೆ ಇಡೀ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತಿತು. ಈ ಸಂಗತಿಯನ್ನು ದೆಹಲಿ, ಜಿನೀವಾಗಳಲ್ಲಿ ಬಲ್ಲವರಿದ್ದಾರೆ. ತುಮಕೂರಿನಲ್ಲಿ ಬಲ್ಲವರು ನನಗೆ ಸಿಕ್ಕಿದ್ದು ಕಡಿಮೆ.

ನಾನು 1977ರಲ್ಲಿ ಎಸ್ಸೆಸ್ಸೆಲ್ಸಿ ಬರೆದವನು, ಅಂದರೆ ಈ ಶಾಲೆಯ ಮೊದಲ ತಂಡದವನು. ಮುಂದೆ ಆರೋಗ್ಯ ಇಲಾಖೆಯಲ್ಲಿ ಪ್ರಯೋಗಶಾಲಾ ತಂತ್ರಜ್ಞನಾಗಿ ಕೆಲಸ ಮಾಡಿ ನಿವೃತ್ತನಾದೆ. ಜನರ ಬಾಯಲ್ಲಿ ನಾನು 'ಕಫ ನೋಡುವವನು'. ಮೂವತ್ತೈದು ವರ್ಷಕ್ಕೂ ಮೀರಿ ಸಾವಿರಾರು ಜನರ ಕಫವನ್ನು ಗಾಜಿನ ಮೇಲೆ ಹಚ್ಚಿ, ಸ್ಪಿರಿಟ್ ದೀಪದಲ್ಲಿ ಬಿಸಿ ಮಾಡಿ, ಬಣ್ಣ ಹಾಕಿ ನೋಡಿದ್ದೇನೆ. ನೀಲಿ ಬಯಲಿನಲ್ಲಿ ಸಣ್ಣ ಕೆಂಪು ಕಡ್ಡಿಗಳು ಕಂಡರೆ ಅದು ಕ್ಷಯ. ನೌಕರಿಗೆ ಸೇರಿದ ಹೊಸದರಲ್ಲಿ ನಮಗೆ ಕೊಟ್ಟಿದ್ದು ಒಂಟಿ ಕಣ್ಣಿನ ಮೈಕ್ರೋಸ್ಕೋಪು. ಕರೆಂಟು ಇಲ್ಲದ ದಿನ ಅದರ ಕನ್ನಡಿಯನ್ನು ಕಿಟಕಿಯ ಕಡೆ ತಿರುಗಿಸಿ ಬಿಸಿಲಿನ ಬೆಳಕಿನಲ್ಲಿ ನೋಡುತ್ತಿದ್ದೆವು. ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್-ರೇ ಯಂತ್ರವಿರುವಾಗ ಇಷ್ಟು ಸಣ್ಣ ಆರೋಗ್ಯ ಕೇಂದ್ರದಲ್ಲಿ ಈ ಮೈಕ್ರೋಸ್ಕೋಪನ್ನು ಯಾರು ತಂದಿಟ್ಟರು, ಯಾಕೆ ಇಟ್ಟರು ಎಂಬ ಪ್ರಶ್ನೆ ಆಗಲೇ ನನ್ನ ತಲೆಯಲ್ಲಿತ್ತು. ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಉತ್ತರ ತಿಳಿಯಿತು. ಅದರ ಬೇರು ನಮ್ಮ ಜಿಲ್ಲೆಯಲ್ಲೇ ಇತ್ತು.

ಹಿಂದಿನ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಕ್ಷಯದ ಹೆಸರನ್ನು ನಮ್ಮ ಹಿರಿಯರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಆ ಕಾಯಿಲೆ' ಎನ್ನುತ್ತಿದ್ದರು. ಆ ಕಾಯಿಲೆ ಇದ್ದ ಮನೆಯಿಂದ ಹೆಣ್ಣು ತರುತ್ತಿರಲಿಲ್ಲ, ಆ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಅದು ಬಡವರ ಗುಡಿಸಲಿಗೆ ಮಾತ್ರ ಬಂದದ್ದಲ್ಲ. ಮೈಸೂರು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರನ್ನೂ ಅವರ ಹೆಣ್ಣುಮಕ್ಕಳನ್ನೂ ಅದು ಕೊಂಡೊಯ್ದಿತು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಇವತ್ತಿಗೂ ಆ ರಾಜಕುಮಾರಿಯ ಹೆಸರಿದೆ. ಸ್ವಾತಂತ್ರ್ಯಕ್ಕೆ ಮುಂಚೆ, 1946ರಲ್ಲಿ, ಭೋರ್ ಸಮಿತಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 25 ಲಕ್ಷ ಕ್ಷಯರೋಗಿಗಳಿದ್ದರು, ವರ್ಷಕ್ಕೆ 5 ಲಕ್ಷ ಜನ ಸಾಯುತ್ತಿದ್ದರು. ಚಿಕಿತ್ಸೆ ಎಂದರೆ ಸ್ಯಾನಟೋರಿಯಂ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ. ನಮ್ಮ ಕಡೆಯ ಉಳ್ಳವರು ಮೈಸೂರಿಗೋ ಮದನಪಲ್ಲಿಯ ಆರೋಗ್ಯವರಂಗೋ ಹೋಗುತ್ತಿದ್ದರು. ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಸಾವಿರಗಟ್ಟಲೆ. ಉಳಿದವರು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೆಮ್ಮುತ್ತ ಕಾಲ ಕಳೆಯುತ್ತಿದ್ದರು.

1940ರ ದಶಕದ ಕೊನೆಯಿಂದ ಔಷಧಿಗಳು ಬಂದವು. ಮೊದಲು ಸ್ಟ್ರೆಪ್ಟೋಮೈಸಿನ್, ಆಮೇಲೆ ಪಿ.ಎ.ಎಸ್., 1952ರಲ್ಲಿ ಐಸೋನಿಯಾಜಿಡ್. ಈಗ ಪ್ರಶ್ನೆ ಬದಲಾಯಿತು. ಮಾತ್ರೆಯಿಂದ ಗುಣವಾಗುವುದಾದರೆ ಆಸ್ಪತ್ರೆಯ ಹಾಸಿಗೆ ಏಕೆ ಬೇಕು? ಇದನ್ನು ಪರೀಕ್ಷಿಸಲು ಮದ್ರಾಸಿನಲ್ಲಿ 1956ರಲ್ಲಿ ಒಂದು ಅಧ್ಯಯನ ಆರಂಭವಾಯಿತು. ನಗರದ ಬಡ ರೋಗಿಗಳು 193 ಜನ. ಚೀಟಿ ಎತ್ತಿದ ಹಾಗೆ ಅರ್ಧ ಜನರನ್ನು ಸ್ಯಾನಟೋರಿಯಂಗೆ, ಇನ್ನರ್ಧ ಜನರನ್ನು ಅವರವರ ಮನೆಗೆ ಕಳಿಸಿದರು. ಮಾತ್ರೆಗಳು ಇಬ್ಬರಿಗೂ ಒಂದೇ, ಒಂದು ವರ್ಷ. ಮನೆಯಲ್ಲಿದ್ದವರ ಊಟ ಕಡಿಮೆ, ಇಕ್ಕಟ್ಟು ಹೆಚ್ಚು, ವಿಶ್ರಾಂತಿ ಅಷ್ಟಕ್ಕಷ್ಟೆ. ಆದರೂ ವರ್ಷದ ಕೊನೆಗೆ ಎರಡು ಗುಂಪಿನ ಫಲಿತಾಂಶ ಹೆಚ್ಚುಕಡಿಮೆ ಸಮ. ಮನೆಯವರಿಗೆ ರೋಗ ಹೆಚ್ಚಾಗಿ ಅಂಟಿತೇ ಎಂದು ನೋಡಿದರೆ ಅದೂ ಇಲ್ಲ. 1959ರಲ್ಲಿ ಇದು ಪ್ರಕಟವಾದ ಮೇಲೆ ಲೋಕದಾದ್ಯಂತ ಸ್ಯಾನಟೋರಿಯಂಗಳ ಕಾಲ ಮುಗಿಯುತ್ತ ಬಂತು. ಊಟದ ವಿಷಯ ಮಾತ್ರ ನೆನಪಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರುತ್ತೇನೆ.

ಅದೇ ಸಮಯಕ್ಕೆ, 1955ರಿಂದ 1958ರವರೆಗೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಹಲವು ಕಡೆ ಎಕ್ಸ್-ರೇ ವಾಹನ ಕಳಿಸಿ ಒಂದು ದೊಡ್ಡ ಸಮೀಕ್ಷೆ ನಡೆಸಿತು. ಕ್ಷಯ ಎಂದರೆ ಪಟ್ಟಣದ ಹೊಗೆ, ಮಿಲ್ಲು, ವಠಾರಗಳ ಕಾಯಿಲೆ ಎಂಬ ನಂಬಿಕೆಯನ್ನು ಆ ಸಮೀಕ್ಷೆ ಮುರಿಯಿತು. ಹಳ್ಳಿಗಳಲ್ಲೂ ರೋಗ ಪಟ್ಟಣದಷ್ಟೇ ಇತ್ತು. ಜನರ ಪೈಕಿ ಹೆಚ್ಚಿನವರು ಹಳ್ಳಿಯವರಾದ್ದರಿಂದ ರೋಗಿಗಳಲ್ಲೂ ಹೆಚ್ಚಿನವರು ಹಳ್ಳಿಯವರೇ ಎಂದಾಯಿತು.

ಹಾಗಾದರೆ ಈ ಲಕ್ಷಾಂತರ ಹಳ್ಳಿಗಳ ರೋಗಿಗಳನ್ನು ಹುಡುಕುವುದು ಹೇಗೆ? ಇದಕ್ಕೆ ದಾರಿ ಕಂಡುಹಿಡಿಯಲೆಂದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. 1960ರಲ್ಲಿ ಪ್ರಧಾನಿ ನೆಹರು ಅದನ್ನು ಉದ್ಘಾಟಿಸಿದರು. ಕೇಂದ್ರ ಸರ್ಕಾರದ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ನ ನೆರವು. ವಿಶ್ವ ಆರೋಗ್ಯ ಸಂಸ್ಥೆಯಿಂದ ಅಲ್ಲಿಗೆ ಬಂದಿದ್ದವರಲ್ಲಿ ಡೆನ್ಮಾರ್ಕಿನ ಹಾಫ್‌ಡನ್ ಮಾಲರ್ ಒಬ್ಬರು. ಇವರೇ ಮುಂದೆ ಆ ಸಂಸ್ಥೆಯ ಮಹಾನಿರ್ದೇಶಕರಾಗಿ, 1978ರಲ್ಲಿ ಆಲ್ಮಾ ಆಟಾದ ಪ್ರಾಥಮಿಕ ಆರೋಗ್ಯ ಘೋಷಣೆಯ ಮುಂದಾಳತ್ವ ವಹಿಸಿದವರು.

ಸಂಸ್ಥೆಯಲ್ಲಿ ಎದೆರೋಗದ ವೈದ್ಯರು, ಸೂಕ್ಷ್ಮಜೀವಿ ತಜ್ಞರು, ಸಂಖ್ಯಾಶಾಸ್ತ್ರಜ್ಞರು ಇದ್ದರು. ಇದು ನಿರೀಕ್ಷಿತವೇ. ಆದರೆ ಅವರ ಜೊತೆಗೆ ಸಮಾಜಶಾಸ್ತ್ರದವರೂ ಇದ್ದರು. ಒಬ್ಬರು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್, ಇನ್ನೊಬ್ಬರು ಡಿ. ಬ್ಯಾನರ್ಜಿ, ವೈದ್ಯ ಪದವಿ ಪಡೆದ ಮೇಲೆ ಮಾನವಶಾಸ್ತ್ರದ ಕಡೆ ತಿರುಗಿದವರು. ಹಳೆಯ ಮೈಸೂರಿನ ಹಳ್ಳಿಗಳಿಗೆ ಪ್ರಶ್ನೆ ಕೇಳುವವರು ಹೊಸಬರೇನೂ ಅಲ್ಲ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ತಾವು 'ರಾಂಪುರ' ಎಂದು ಕರೆದ ಹಳ್ಳಿಯಲ್ಲಿ ಬಿಡಾರ ಹೂಡಿದ್ದರು, ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಮಂಡ್ಯದ ಕಡೆಯ ಎರಡು ಹಳ್ಳಿಗಳಲ್ಲಿ ನೀರಾವರಿ ಬಂದ ಮೇಲೆ ಏನಾಯಿತೆಂದು ನೋಡಿದ್ದರು. ಆದರೆ ಅವರು ಬರೆದದ್ದು ಪುಸ್ತಕಗಳಿಗಾಗಿ. ಆಸ್ಪತ್ರೆಯ ಕೆಲಸ ಹೇಗೆ ನಡೆಯಬೇಕೆಂದು ತೀರ್ಮಾನಿಸುವ ಮೇಜಿನ ಬಳಿ ಸಮಾಜಶಾಸ್ತ್ರಜ್ಞನಿಗೆ ಒಂದು ಕುರ್ಚಿ ಹಾಕಿದ್ದು ಅಂದಿಗೆ ಹೊಸದು.

ಆ ಹೊತ್ತಿಗೆ ವೈದ್ಯರ ನಡುವೆ ಗಟ್ಟಿಯಾಗಿದ್ದ ತಿಳುವಳಿಕೆ ಏನೆಂದರೆ, ಹಳ್ಳಿಯವನು ಅಜ್ಞಾನಿ, ಕೆಮ್ಮಿದರೂ ಅದು ರೋಗವೆಂದು ಅವನಿಗೆ ಗೊತ್ತಾಗದು, ಗೊತ್ತಾದರೂ ದೇವರು ದಿಂಡರು ಮಾಟ ಮಂತ್ರ ಎನ್ನುತ್ತಾನೆ, ಆಸ್ಪತ್ರೆಗೆ ಬರುವುದಿಲ್ಲ. ಆದ್ದರಿಂದ ಯುರೋಪಿನಲ್ಲಿ ಮಾಡಿದಂತೆ ಎಕ್ಸ್-ರೇ ವಾಹನಗಳನ್ನು ಊರೂರಿಗೆ ಕಳಿಸಿ ಎಲ್ಲರ ಎದೆಯ ಚಿತ್ರ ತೆಗೆಯಬೇಕು, ಜೊತೆಗೆ ಜನರಿಗೆ ಬುದ್ಧಿ ಹೇಳಬೇಕು. ಇದು ಒಂದು ಅನಿಸಿಕೆ. ಆದರೆ ಯಾರೂ ಕೆಮ್ಮುವವನನ್ನೇ ಹೋಗಿ ಕೇಳಿರಲಿಲ್ಲ.

1960–61ರಲ್ಲಿ ಸಂಸ್ಥೆಯ ರಾಜ್ ನಾರಾಯಣ್ ಮತ್ತು ಅವರ ಸಂಗಡಿಗರು ತುಮಕೂರು ಜಿಲ್ಲೆಯಲ್ಲಿ ಕ್ಷಯ ಎಷ್ಟಿದೆ ಎಂಬ ಸಮೀಕ್ಷೆ ನಡೆಸಿದರು. ಮನೆಮನೆಯ ಪಟ್ಟಿ ಮಾಡಿ, ತೋಳಿಗೆ ಟ್ಯುಬರ್‌ಕ್ಯುಲಿನ್ ಚುಚ್ಚಿ, ಸಂಚಾರಿ ಯಂತ್ರದಲ್ಲಿ ಎದೆಯ ಚಿತ್ರ ತೆಗೆದು, ಅನುಮಾನ ಬಂದವರ ಕಫ ಪರೀಕ್ಷಿಸಿದರು. ಆ ಸಮೀಕ್ಷೆ ನಡೆದ ಊರುಗಳಲ್ಲಿ 34 ಹಳ್ಳಿ ಮತ್ತು ಪಟ್ಟಣಗಳ 4 ಭಾಗಗಳನ್ನು ಆರಿಸಿಕೊಂಡು ಬ್ಯಾನರ್ಜಿ ಮತ್ತು ಆಂಡರ್ಸನ್ ತಮ್ಮ ವಿಚಾರಣೆಯನ್ನು ಇಟ್ಟುಕೊಂಡರು.

ಇದನ್ನು ಅವರು ಮಾಡಿದ ರೀತಿ ನಮ್ಮ ಪ್ರೌಢಶಾಲೆಯ ಮಕ್ಕಳಿಗೂ ಅರ್ಥವಾಗುವಂಥದು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಎಕ್ಸ್-ರೇಯಲ್ಲಿ ಕ್ಷಯ ಕಂಡವರ ಒಂದು ಪಟ್ಟಿ. ಪ್ರತಿಯೊಬ್ಬರಿಗೂ ಜೋಡಿಯಾಗಿ ಅದೇ ಊರಿನ, ಅದೇ ವಯಸ್ಸಿನ, ಗಂಡಿಗೆ ಗಂಡು ಹೆಣ್ಣಿಗೆ ಹೆಣ್ಣು ಎಂಬಂತೆ ಕ್ಷಯವಿಲ್ಲದ ಇನ್ನೊಬ್ಬರ ಪಟ್ಟಿ. ಎರಡನ್ನೂ ಕಲಸಿ ಪ್ರಶ್ನೆ ಕೇಳುವವರ ಕೈಗೆ ಕೊಟ್ಟರು. ಯಾರು ರೋಗಿ, ಯಾರು ಅಲ್ಲ ಎಂಬುದು ಪ್ರಶ್ನೆ ಕೇಳುವವರಿಗೆ ತಿಳಿಸಿರಲಿಲ್ಲ. ಏಕೆಂದರೆ ಗೊತ್ತಿದ್ದರೆ, ರೋಗಿಯನ್ನು 'ಕೆಮ್ಮು ಇದೆ ತಾನೇ?' ಎಂದು ಕೆದಕಿ ಕೇಳುತ್ತಾರೆ, ಉಳಿದವರನ್ನು ಹಾಗೇ ಬಿಟ್ಟುಬಿಡುತ್ತಾರೆ. ಕೇಳುವವನ ಮನಸ್ಸಿನಲ್ಲಿರುವ ಉತ್ತರ ಕಾಗದಕ್ಕೆ ಇಳಿಯಬಾರದು. ಆಮೇಲೆ ಮೈಗೆ ಏನಾದರೂ ತೊಂದರೆ ಇದೆಯೇ, ಅದರ ಬಗ್ಗೆ ಚಿಂತೆ ಇದೆಯೇ, ಏನಾದರೂ ಮಾಡಿದಿರಾ, ಮಾಡಿದ್ದರೆ ಎಲ್ಲಿಗೆ ಹೋದಿರಿ ಎಂದು ವಿಚಾರಿಸಿದರು.

ಸಂಸ್ಥೆ ಸರ್ಕಾರದ್ದೇ ಆಗಿದ್ದರೂ ಈ ಸಂಶೋಧನೆಯನ್ನು ನಾನು ಸ್ವತಂತ್ರ ಎಂದು ಕರೆಯುವುದು ಇದೇ ಕಾರಣಕ್ಕೆ. ಸಂಬಳ ಯಾರು ಕೊಟ್ಟರು ಎಂಬುದೊಂದೇ ಅಳತೆಯಲ್ಲ. ಮೇಲಿನವರಿಗೆ ಇಷ್ಟವಾಗುವ ಉತ್ತರ ಬರಲೇಬೇಕೆಂದು ಪ್ರಶ್ನೆಯನ್ನು ತಿರುಚಲಿಲ್ಲ, ಬಂದ ಉತ್ತರವನ್ನು ಮುಚ್ಚಿಡಲೂ ಇಲ್ಲ.

ಬಂದ ಉತ್ತರ ಇದು. ಕಫದಲ್ಲಿ ರೋಗಾಣು ಕಂಡವರ ಪೈಕಿ ಶೇ. 95ರಷ್ಟು ಜನರಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ಶೇ. 72 ಜನ ಅದರ ಬಗ್ಗೆ ಚಿಂತೆ ಮಾಡುತ್ತಿದ್ದರು. ಶೇ. 52 ಜನ ಸುಮ್ಮನೆ ಕೂರದೆ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಮಂತ್ರ ತಂತ್ರಕ್ಕಲ್ಲ, ಇಂಗ್ಲಿಷ್ ಔಷಧಿ ಕೊಡುವ ಸರ್ಕಾರಿ ಆಸ್ಪತ್ರೆಗೆ! ಆಸ್ಪತ್ರೆಯವರು ಮಾಡಿದ್ದೇನು? ಕಫ ನೋಡಲಿಲ್ಲ, ಎದೆಗೆ ಕಿವಿಗೊಡಲಿಲ್ಲ. ಸೀಸೆಯಲ್ಲಿ ಕೆಮ್ಮಿನ ಮಿಕ್ಸ್ಚರ್ ತುಂಬಿಸಿ ಮನೆಗೆ ಕಳಿಸಿದ್ದರು.

ಆ ಸೀಸೆಯನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಮನೆಯಿಂದ ಖಾಲಿ ಬಾಟಲಿ ತೊಳೆದು ತೆಗೆದುಕೊಂಡು ಹೋಗಬೇಕು. ಕಾಂಪೌಂಡರ್ ದೊಡ್ಡ ಜಾಡಿಯಿಂದ ಬಣ್ಣದ ನೀರು ಹಾಕಿ, ಹೊತ್ತಿಗೆ ಎಷ್ಟೆಂದು ತಿಳಿಯಲು ಕಾಗದದ ಪಟ್ಟಿ ಕತ್ತರಿಸಿ ಅಂಟಿಸುತ್ತಿದ್ದರು. ನನ್ನ ಸಹಪಾಠಿಯೊಬ್ಬನ ತಂದೆ 1975ರ ಸುಮಾರಿಗೆ ಹೀಗೆ ಒಂದೇ ಬೇಸಿಗೆಯಲ್ಲಿ ಮೂರು ಸಲ ಬಾಟಲಿ ಹಿಡಿದು ನಡೆದುಹೋಗಿ ಬಂದರು. ಹೋಗಿ ಬರಲು ಹದಿನಾಲ್ಕು ಮೈಲಿ. ನಾಲ್ಕನೆಯ ಸಲಕ್ಕೆ ಗಾಡಿಯಲ್ಲಿ ಒಯ್ದರು. ನಾವು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಹೊತ್ತಿಗೆ ಅವರಿರಲಿಲ್ಲ. ಊರಿನಲ್ಲಿ ಆಗ ಆಡಿದ ಮಾತು, 'ಮೊದಲೇ ತೋರಿಸಬೇಕಿತ್ತು' ಎಂದು. ಅವರು ತೋರಿಸಿದ್ದರು. ಅದಕ್ಕೆ ಹದಿನೈದು ವರ್ಷ ಹಿಂದೆಯೇ ನಮ್ಮದೇ ಜಿಲ್ಲೆಯಲ್ಲಿ ಈ ವಿಷಯ ಬರೆದಿಟ್ಟಾಗಿತ್ತು ಎಂದು ನಾನು ಮೊದಲ ಬಾರಿ ಓದಿದಾಗ ಬಹಳ ಹೊತ್ತು ಪುಟ ತಿರುಗಿಸಲಾಗಲಿಲ್ಲ.

ಬ್ಯಾನರ್ಜಿ ಮತ್ತು ಆಂಡರ್ಸನ್ ಅವರ ಪ್ರಬಂಧ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಅಚ್ಚಾದದ್ದು 1963ರಲ್ಲಿ. ಆದರೆ ಅದರ ಸಾರ ಅದಕ್ಕೆ ಮೊದಲೇ ಸಂಸ್ಥೆಯೊಳಗೆ ಕೆಲಸಕ್ಕೆ ಬಂದಿತ್ತು. ಲೆಕ್ಕ ಸರಳವಾಗಿತ್ತು. ರೋಗಾಣು ಹರಡುವ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿರುವಾಗ ಅವರನ್ನು ಬಿಟ್ಟು, ಉಳಿದವರನ್ನು ಹುಡುಕಲು ವಾಹನ ಓಡಿಸುವುದರಲ್ಲಿ ಏನು ಅರ್ಥ? ಮೊದಲು ಬಾಗಿಲಿಗೆ ಬಂದವನ ಕಫ ನೋಡಿ. ಅವನಿಗೆ ಮಾತ್ರೆ ಕೊಡಿ. ಮದ್ರಾಸಿನ ಅಧ್ಯಯನದಂತೆ ಮನೆಯಲ್ಲೇ ಇದ್ದು ಗುಣವಾಗುತ್ತಾನೆ. ಒಬ್ಬನಿಗೆ ಗುಣವಾದರೆ ಅವನ ಓಣಿಯವರು, ನೆಂಟರು ತಾವೇ ಬರುತ್ತಾರೆ. ಜನರಿಗೆ ಬುದ್ಧಿ ಹೇಳುವ ಮುಂಚೆ ಆಸ್ಪತ್ರೆ ತನ್ನ ಮನೆ ಸರಿಮಾಡಿಕೊಳ್ಳಲಿ.

1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ತಿರುಳು ಇದೇ. ಜಿಲ್ಲೆಗೊಂದು ಕ್ಷಯರೋಗ ಕೇಂದ್ರ, ಅದರ ಕೆಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೈಕ್ರೋಸ್ಕೋಪು, ಕೆಮ್ಮೆಂದು ಬಂದವರ ಕಫ ಪರೀಕ್ಷೆ, ಉಚಿತ ಮಾತ್ರೆ. ಕ್ಷಯಕ್ಕೆಂದೇ ಬೇರೆ ಸಿಬ್ಬಂದಿಯ ದಂಡು ಕಟ್ಟದೆ, ಇರುವ ವೈದ್ಯರು, ಇರುವ ದಾದಿಯರು, ಇರುವ ಕಾಂಪೌಂಡರುಗಳ ಕೈಯಲ್ಲೇ ಇದನ್ನು ನಡೆಸಬೇಕೆಂದು ತೀರ್ಮಾನವಾಯಿತು. ನೆರೆಯ ಆಂಧ್ರದ ಅನಂತಪುರ ಜಿಲ್ಲೆಯಲ್ಲಿ ಇದನ್ನು ಮೊದಲು ನಡೆಸಿ ನೋಡಿದರು. ಬಡ ದೇಶವೊಂದು ತನ್ನ ಜೇಬಿಗೆ ತಕ್ಕಂತೆ, ತನ್ನ ಜನರ ನಡವಳಿಕೆ ನೋಡಿ ಹೊಲಿದುಕೊಂಡ ಅಂಗಿ ಇದು. ನನ್ನ ಒಂಟಿ ಕಣ್ಣಿನ ಮೈಕ್ರೋಸ್ಕೋಪು ಆ ಅಂಗಿಯ ಒಂದು ಗುಂಡಿ.

ಇಲ್ಲಿ ಇನ್ನೊಂದು ಸಮೀಕ್ಷೆಯ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಅದೇ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡ 126 ಜನ ಐದು ವರ್ಷದ ಮೇಲೆ ಏನಾದರು ಎಂದು ನೋಡಿದರೆ, ಶೇ. 49 ಜನ ಸತ್ತಿದ್ದರು, ಶೇ. 18 ಜನ ಇನ್ನೂ ರೋಗಾಣು ಉಗುಳುತ್ತಿದ್ದರು, ಉಳಿದ ಮೂರರಲ್ಲೊಂದು ಭಾಗ ತಾವಾಗಿ ಗುಣವಾಗಿದ್ದರು. ಆ ಹಳ್ಳಿಗಳಲ್ಲಿ ಕ್ರಮಬದ್ಧ ಚಿಕಿತ್ಸಾ ಕಾರ್ಯಕ್ರಮ ಇರಲಿಲ್ಲ. ಚಿಕಿತ್ಸೆ ಇಲ್ಲದ ಕ್ಷಯ ಏನು ಮಾಡುತ್ತದೆ ಎಂದು ಹೇಳುವ ವೈದ್ಯಕೀಯ ಗ್ರಂಥಗಳಲ್ಲಿ ಈ ಅಂಕಿ ಲೋಕವೆಲ್ಲ ಸುತ್ತಿದೆ. ಅಂಕಿ ಬೆಲೆಯುಳ್ಳದ್ದೇ. ಆದರೆ 1960ರ ದಶಕದಲ್ಲಿ ಮಾತ್ರೆ ಕಂಡುಹಿಡಿದಾಗಿತ್ತು. ಆ 126 ಜನ ನಮ್ಮ ಹಾಗೆ ರಾಗಿ ಬೀಸಿ ಉಣ್ಣುತ್ತಿದ್ದವರು. ಕೇಳಿದವನಿಗೆ ಕೇಳಿಸಿಕೊಂಡ ಋಣವೂ ಇರುತ್ತದೆ ಎಂಬುದು ನನ್ನ ಅಭಿಪ್ರಾಯ. ಇಂದಿನ ಸಂಶೋಧನಾ ನೀತಿ ಸಮಿತಿಗಳು ಅಂಥದಕ್ಕೆ ಒಪ್ಪಿಗೆ ಕೊಡಲಾರವು.

ಇನ್ನು 1962ರ ಕಾರ್ಯಕ್ರಮ ನಡೆದದ್ದು ಹೇಗೆ? ಕಾಗದದ ಮೇಲೆ ಅಷ್ಟು ಚೆಂದ, ನೆಲದ ಮೇಲೆ ಅಷ್ಟೇ ಸೊರಗು. ಇರುವ ಸಿಬ್ಬಂದಿಯೇ ನಡೆಸಬೇಕೆಂದರು, ಸರಿ. ಆ ಸಿಬ್ಬಂದಿಗೆ ಎಪ್ಪತ್ತರ ದಶಕದಲ್ಲಿ ಕುಟುಂಬ ಯೋಜನೆಯ ಗುರಿಯೇ ದಿನದ ಕೆಲಸವಾಯಿತು. ತಿಂಗಳ ಸಭೆಯಲ್ಲಿ ಕೇಳುತ್ತಿದ್ದುದು ಎಷ್ಟು ಆಪರೇಷನ್ ಆಯಿತು ಎಂದು, ಎಷ್ಟು ಕಫ ನೋಡಿದಿರಿ ಎಂದಲ್ಲ. ನಾನು ಕೆಲಸ ಮಾಡಿದ ಒಂದು ಕೇಂದ್ರದಲ್ಲಿ ಬಣ್ಣದ ಪುಡಿ ಮುಗಿದು ಎರಡು ತಿಂಗಳು ಕಳೆದರೂ ಬರಲಿಲ್ಲ. ಬಣ್ಣ ಬಂದಾಗ ಮಾತ್ರೆ ಇರಲಿಲ್ಲ. ಹನ್ನೆರಡರಿಂದ ಹದಿನೆಂಟು ತಿಂಗಳು ನುಂಗಬೇಕಾದ ಮಾತ್ರೆಯನ್ನು, ಎರಡು ಸಲ ಬಂದು ಬರಿಗೈಯಲ್ಲಿ ಹೋದ ಕೂಲಿಯವನು ಮೂರನೆಯ ಸಲ ಬರದಿದ್ದರೆ ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ 'ಡಿಫಾಲ್ಟರ್' ಎಂದು ಬರೆಯುತ್ತಿದ್ದೆವು. ಸುಸ್ತಿದಾರ! ಸೊಸೈಟಿಯ ಸಾಲ ಕಟ್ಟದವನಿಗೆ ಹೇಳುವ ಮಾತು. ಮಾತ್ರೆ ಕಳಿಸದವರಿಗೆ ಆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಹಳ್ಳಿಯವನೇ ತಪ್ಪಿತಸ್ಥ ಎಂಬ ಹಳೆಯ ಮಾತು ಹೀಗೆ ಹಿಂಬಾಗಿಲಿನಿಂದ ಒಳಗೆ ಬಂದಿತ್ತು.

1992ರಲ್ಲಿ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಚಿಕಿತ್ಸೆ ಶುರುಮಾಡಿದವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಅದನ್ನು ಮುಗಿಸುತ್ತಿದ್ದುದು ಹೊರಬಿತ್ತು. 1993ರಲ್ಲಿ ಪ್ರಾಯೋಗಿಕವಾಗಿ, 1997ರಿಂದ ದೇಶಮಟ್ಟದಲ್ಲಿ ಪರಿಷ್ಕೃತ ಕಾರ್ಯಕ್ರಮ ಬಂತು. ಅದೇ 'ಡಾಟ್ಸ್', ಅಂದರೆ ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ರೋಗಿ ಮಾತ್ರೆ ನುಂಗಬೇಕು. ಒಳ್ಳೆಯದೂ ಆಯಿತು. ಪ್ರತಿ ರೋಗಿಯ ಹೆಸರಿನಲ್ಲಿ ಪೂರ್ತಿ ಚಿಕಿತ್ಸೆಯ ಮಾತ್ರೆ ಡಬ್ಬಿ ಮೊದಲೇ ಬಂದು ಕೂರುತ್ತಿತ್ತು. ಎರಡು ಕಣ್ಣಿನ ಮೈಕ್ರೋಸ್ಕೋಪು ಬಂತು, ನಮ್ಮ ಸ್ಲೈಡುಗಳನ್ನು ಮೇಲಿನವರು ಮರುಪರೀಕ್ಷೆ ಮಾಡುವ ಪದ್ಧತಿ ಬಂತು. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಬ್ಯಾನರ್ಜಿಯವರು ಮಾತ್ರ ಇದನ್ನು ಒಪ್ಪಲಿಲ್ಲ, ಬಲವಾಗಿ ವಿರೋಧಿಸಿ ಬರೆದರು. ಕೆಲಸ ಮಾಡಿದವನಾಗಿ ನಾನು ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಡಬ್ಬಿ ಬೇಕಿತ್ತು, ಕೂಲಿ ಬಿಟ್ಟು ವಾರಕ್ಕೆ ಮೂರು ದಿನ ಕೇಂದ್ರಕ್ಕೆ ಬಂದು ನುಂಗು ಎನ್ನುವಾಗ ಆ ಕೂಲಿಯವನನ್ನು ಯಾರಾದರೂ ಮತ್ತೊಮ್ಮೆ ಕೇಳಬೇಕಿತ್ತು. ಆಸ್ಪತ್ರೆಯ ಗೋಡೆಯ ಮೇಲಿನ ಬರಹ ಕೂಡ ಆ ಕಾಲದಲ್ಲಿ ಮೂರು ವಾರದ ಕೆಮ್ಮು ಎಂದಿತ್ತು, ಆಮೇಲೆ ಅಧ್ಯಯನಗಳನ್ನು ನೋಡಿ ಎರಡು ವಾರಕ್ಕೆ ಇಳಿಸಿದರು. ಅಂಥ ಒಂದು ಅಂಕಿ ಬದಲಾಯಿಸುವುದಕ್ಕೂ ಯಾರೋ ನೂರಾರು ಜನರನ್ನು ಕೇಳಿ ಬರೆದುಕೊಂಡಿರುತ್ತಾರೆ.

ಈಗ ಊಟದ ವಿಷಯ. ಮದ್ರಾಸಿನ ಅಧ್ಯಯನದಲ್ಲಿ ಕಡಿಮೆ ಊಟ ಮಾಡಿದವರೂ ಗುಣವಾದರು ಎಂಬುದನ್ನು ಮುಂದಿನ ತಲೆಮಾರಿನ ವೈದ್ಯಲೋಕ ಬೇರೆಯದೇ ರೀತಿಯಲ್ಲಿ ಓದಿಕೊಂಡಿತು. ಮಾತ್ರೆ ಇದ್ದರೆ ಸಾಕು, ಊಟ ಅಷ್ಟು ಮುಖ್ಯವಲ್ಲ ಎಂದು. ನಮ್ಮ ಹಳ್ಳಿಯವರು ಇದನ್ನು ಎಂದೂ ನಂಬಲಿಲ್ಲ. 'ಸಾರ್, ಈ ಮಾತ್ರೆ ಖಾಲಿ ಹೊಟ್ಟೆಗೆ ಉರಿಯುತ್ತೆ, ಏನು ತಿಂದು ನುಂಗಲಿ?' ಎಂದು ನನ್ನನ್ನು ಕೇಳಿದವರಿಗೆ ಲೆಕ್ಕವಿಲ್ಲ. ನಾನು ಕಫ ನೋಡುವವನು, ನನ್ನ ಬಳಿ ಉತ್ತರವೆಲ್ಲಿ? ಕಬ್ಬಿಣದ ಮಾತ್ರೆ, ಬಿ ಕಾಂಪ್ಲೆಕ್ಸ್ ಇದ್ದರೆ ಕೊಡಿಸುತ್ತಿದ್ದೆ.

ಉತ್ತರ ಬಂದದ್ದು 2023ರಲ್ಲಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ದಂಪತಿ, ಚೆನ್ನೈನ ಅದೇ ಹಳೆಯ ಕ್ಷಯ ಸಂಶೋಧನಾ ಸಂಸ್ಥೆಯವರೂ ಸೇರಿದ ತಂಡದೊಂದಿಗೆ, ಜಾರ್ಖಂಡಿನಲ್ಲಿ ಒಂದು ಅಧ್ಯಯನ ನಡೆಸಿದ್ದರು. 2,800 ರೋಗಿಗಳು, ಅವರ ಮನೆಗಳಲ್ಲಿ ಜೊತೆಗೆ ವಾಸಿಸುವ 10,345 ಜನ. ರೋಗಿಗಳಲ್ಲಿ ಐವರಲ್ಲಿ ನಾಲ್ವರು ತೂಕ ಕಡಿಮೆ ಇದ್ದವರು. ಚಿಕಿತ್ಸೆಯ ಕಾಲದಲ್ಲಿ ಎಲ್ಲ ರೋಗಿಗಳಿಗೂ ತಿಂಗಳಿಗೆ ಹತ್ತು ಕಿಲೋದಷ್ಟು ದಿನಸಿ, ಅಂದರೆ ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ. ಅರ್ಧ ಮನೆಗಳಲ್ಲಿ ಮಾತ್ರ ಉಳಿದವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ. ಹಾಗೆ ದಿನಸಿ ಸಿಕ್ಕ ಮನೆಗಳವರಲ್ಲಿ ಹೊಸದಾಗಿ ಕ್ಷಯ ಬರುವುದು, ಸಿಗದ ಮನೆಗಳಿಗೆ ಹೋಲಿಸಿದರೆ, ಶೇ. 39ರಷ್ಟು ಕಡಿಮೆಯಾಯಿತು. ಹರಡುವ ಬಗೆಯ ಎದೆಕ್ಷಯ ಶೇ. 48 ಕಡಿಮೆ. ರೋಗಿಗಳಲ್ಲಿ ಮೊದಲ ಎರಡು ತಿಂಗಳೊಳಗೆ ತೂಕ ಶೇ. 5ರಷ್ಟು ಹೆಚ್ಚಿಸಿಕೊಂಡವರಿಗೆ ಸಾವಿನ ಅಪಾಯ ಶೇ. 60ರಷ್ಟು ಇಳಿಯಿತು. ಲಸಿಕೆಗಾಗಿ ಲೋಕವೆಲ್ಲ ಕಾಯುತ್ತಿರುವಾಗ ಅಕ್ಕಿ ಬೇಳೆಯೇ ಅರ್ಧ ಲಸಿಕೆಯ ಕೆಲಸ ಮಾಡಿತ್ತು.

ನೀತಿ ಇದನ್ನು ಕೇಳಿಸಿಕೊಂಡಿತು, ನಿಧಾನವಾಗಿಯಾದರೂ. ರೋಗಿಗೆ ಆಹಾರಕ್ಕೆಂದು 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ದಾನಿಗಳು ರೋಗಿಗಳಿಗೆ ದಿನಸಿ ಕೊಡುವ 'ನಿಕ್ಷಯ ಮಿತ್ರ' ಯೋಜನೆ 2022ರಲ್ಲಿ ಶುರುವಾಗಿತ್ತು. ಜಾರ್ಖಂಡಿನ ಫಲಿತಾಂಶ ಬಂದ ಮೇಲೆ, 2024ರಲ್ಲಿ, ರೋಗಿಯ ಮನೆಯವರನ್ನೂ ಅದರಲ್ಲಿ ಸೇರಿಸಿದರು.

ಈ ಯೋಜನೆಯಲ್ಲಿ ವ್ಯಕ್ತಿಗಳು ಮಾತ್ರವಲ್ಲ, ಸಂಘ ಸಂಸ್ಥೆಗಳೂ ಮಿತ್ರರಾಗಿ ಹೆಸರು ನೋಂದಾಯಿಸಬಹುದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಚಿಕಿತ್ಸೆಯಲ್ಲಿರುವವರಿಗೆ, ಅವರ ಒಪ್ಪಿಗೆ ಪಡೆದು, ಹೆಸರು ಹೊರಗೆ ಬಾರದಂತೆ, ಆರು ತಿಂಗಳು ಅಕ್ಕಿ ಬೇಳೆ ಎಣ್ಣೆ ತಲುಪಿಸುವುದು ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಆಗದ ಕೆಲಸವಲ್ಲ. ಸುವರ್ಣ ಮಹೋತ್ಸವದ ಖರ್ಚು ಕಳೆದು ಉಳಿಯುವ ಹಣದಲ್ಲಿ ಇದನ್ನು ಶುರುಮಾಡಬಹುದೆಂದು ಸಂಘದ ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇನೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವುದಾಗಿ ಅವರು ಹೇಳಿದ್ದಾರೆ.